ಮಾಚು ಪಿಚುವಿಗೆ ನಡೆದು ಹೋಗುವವರು ಯಾವ ದಾರಿ ಹಿಡಿಯಬೇಕು?

ಪೆರು ದೇಶದ ಕುಸ್ಕೊ ನಗರದಲ್ಲಿ ಚಾರಣ ಏರ್ಪಡಿಸುವ ಕಚೇರಿಗಳು ಬೀದಿಗೆ ಹತ್ತಾರು. ಎಲ್ಲರ ಗೋಡೆಯ ಮೇಲೂ ಮಾಚು ಪಿಚುವಿನ ಒಂದೇ ಚಿತ್ರ: ಮಂಜಿನ ನಡುವೆ ಪಾಳುಬಿದ್ದ ಕಲ್ಲಿನ ನಗರ, ಅದರ ಹಿಂದೆ ಕಡಿದಾದ ಹಸಿರು ಶಿಖರ. ಆದರೆ ಆ ಚಿತ್ರದ ಕೆಳಗೆ ಕುಳಿತು ಅವರು ನಮಗೆ ತೋರಿಸುವುದು ನಾಲ್ಕು ಬೇರೆ ಬೇರೆ ದಾರಿಗಳನ್ನು: ಇಂಕಾ ದಾರಿ, ಸಲ್ಕಂತಾಯ್, ಲಾರೆಸ್, ಚೊಕೆಕಿರಾವ್. ಅವುಗಳಲ್ಲಿ ಒಂದು ಮಾಚು ಪಿಚುವಿಗೆ ಹೋಗುವುದೇ ಇಲ್ಲ. ಎರಡು ದಾರಿಗಳಲ್ಲಿ ನಡೆದವರು ಕೊನೆಗೆ ಬೆಟ್ಟದ ಬುಡದಿಂದ ಉಳಿದ ಪ್ರವಾಸಿಗರ ಜೊತೆ ಸಾಲಿನಲ್ಲಿ ನಿಂತು ಮೇಲೇರುತ್ತಾರೆ. ಸ್ಪೇನ್‌ನವರು ಬರುವ ಮೊದಲು ಆ ನಾಡನ್ನು ಆಳಿದ ಇಂಕಾ ಜನರು ನಡೆದ ಹಾದಿಯಲ್ಲೇ ನಡೆದು, ಅವರು ಕಟ್ಟಿದ ಬಾಗಿಲಿನಿಂದಲೇ ಒಳಗೆ ಕಾಲಿಡುವುದು ಒಂದೇ ದಾರಿಯಲ್ಲಿ.

ನಾನು ನಡೆದಿರುವುದು ಇಂಕಾ ದಾರಿ ಮತ್ತು ಚೊಕೆಕಿರಾವ್. ಸಲ್ಕಂತಾಯ್ ದಾಟಿ ಬಂದ ತಂಗಿಯ ದಿನಚರಿ ನನ್ನ ಬಳಿ ಇದೆ. ಲಾರೆಸ್ ಬಗ್ಗೆ ಗೊತ್ತಿರುವುದು ಅಲ್ಲಿ ನಡೆದವರಿಂದ ಕೇಳಿದ್ದು. ಹಣ, ರಜೆ, ಮೊಣಕಾಲು, ಶ್ವಾಸಕೋಶ ಈ ನಾಲ್ಕನ್ನೂ ಪಣಕ್ಕಿಟ್ಟು ಅಷ್ಟು ದೂರ ಹೋಗುವವರು ಚಿತ್ರ ನೋಡಿ ದಾರಿ ಆರಿಸಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎತ್ತರದ ಲೆಕ್ಕ

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್‌ಗೆ ಮುಗಿದುಹೋಗುತ್ತದೆ. ಇಂಕಾ ದಾರಿಯ ಮೊದಲ ಹೆಜ್ಜೆ ಇಡುವ ಜಾಗವೇ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿಯುವ ಕುಸ್ಕೊ ನಗರ 3,400 ಮೀಟರ್. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ಕಾಲುಗಳಿಗೂ ಅಲ್ಲಿ ಹೋಟೆಲಿನ ಮೆಟ್ಟಿಲು ಏರುವಾಗ ಉಸಿರು ಸಾಲದು. ಇದು ಗಟ್ಟಿತನದ ಪ್ರಶ್ನೆಯಲ್ಲ. ಕಡಿಮೆ ಆಮ್ಲಜನಕಕ್ಕೆ ದೇಹ ಒಗ್ಗಿಕೊಳ್ಳಲು ದಿನಗಳು ಬೇಕು, ಓಟದ ಅಭ್ಯಾಸ ಆ ದಿನಗಳನ್ನು ಕಡಿಮೆ ಮಾಡುವುದಿಲ್ಲ.

ಆದ್ದರಿಂದ ದಾರಿಗಳನ್ನು ಹೋಲಿಸುವಾಗ ಅತಿ ಎತ್ತರದ ಬಿಂದು ಯಾವುದು ಎಂದಷ್ಟೇ ಕೇಳಿದರೆ ಸಾಲದು. ಮೊದಲ ರಾತ್ರಿ ಎಲ್ಲಿ ಮಲಗುತ್ತೇವೆ ಎಂದು ಕೇಳಬೇಕು. ಇಂಕಾ ದಾರಿಯಲ್ಲಿ ಮೊದಲ ರಾತ್ರಿಯ ಡೇರೆ ಸಾಮಾನ್ಯವಾಗಿ 3,000 ಮೀಟರ್ ಆಸುಪಾಸಿನಲ್ಲಿ, ಅಂದರೆ ಕುಸ್ಕೊಗಿಂತ ಕೆಳಗೆ. ಎರಡನೆಯ ದಿನ 4,215 ಮೀಟರ್ ಏರಿದರೂ ಮಲಗುವ ಹೊತ್ತಿಗೆ 3,600ಕ್ಕೆ ಇಳಿದಿರುತ್ತೇವೆ. ಸಲ್ಕಂತಾಯ್ ದಾರಿಯಲ್ಲಿ ಮೊದಲ ರಾತ್ರಿಯೇ ಸೊರಾಯ್‌ಪಂಪ ಎಂಬಲ್ಲಿ, ಸುಮಾರು 3,900 ಮೀಟರ್‌ನಲ್ಲಿ ಕಳೆಯಬೇಕು. ಮರುದಿನ 4,600 ಮೀಟರ್ ಮೀರಿದ ಪಾಸ್ ದಾಟಬೇಕು. ಎರಡು ಶಿಖರಗಳ ನಡುವಿನ ತಗ್ಗನ್ನು ಚಾರಣಿಗರು ಪಾಸ್ ಎನ್ನುತ್ತಾರೆ, ಆದರೆ ಈ ತಗ್ಗು ನಮ್ಮ ರಾಜ್ಯದ ಯಾವ ಬೆಟ್ಟದ ತುದಿಗಿಂತಲೂ ಎರಡು ಪಟ್ಟಿಗೂ ಹೆಚ್ಚು ಎತ್ತರ. ಚೊಕೆಕಿರಾವ್ ಇದಕ್ಕೆ ತದ್ವಿರುದ್ಧ. ಅಲ್ಲಿನ ಅವಶೇಷಗಳು ಇರುವುದು 3,000 ಮೀಟರ್ ಸುಮಾರಿಗೆ. ಎತ್ತರದಿಂದ ಬರುವ ತಲೆನೋವು ಅಲ್ಲಿ ಕಡಿಮೆ, ಮೊಣಕಾಲಿಗೆ ಮಾತ್ರ ಬಿಡುವಿಲ್ಲ.

ಯಾವ ದಾರಿ ಆರಿಸಿದರೂ ಅದಕ್ಕೆ ಮುನ್ನ ಮೂರು ದಿನವಾದರೂ ಎತ್ತರದಲ್ಲಿ ಕಳೆಯಿರಿ. ವಿಮಾನ ಇಳಿದ ದಿನವೇ ಕುಸ್ಕೊದಲ್ಲಿ ಉಳಿಯದೆ ಕೆಳಗಿನ ಕಣಿವೆಯ ಒಯಾಂತಾಯ್‌ತಂಬೊ ಊರಿಗೆ ಹೋಗಿ ಮಲಗುವುದು ಇನ್ನೂ ಒಳ್ಳೆಯದು, ಅದು ಸುಮಾರು 2,800 ಮೀಟರ್. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂಬುದನ್ನು ಊರು ಬಿಡುವ ಮೊದಲೇ ವೈದ್ಯರ ಬಳಿ ಮಾತಾಡಿ ತೀರ್ಮಾನಿಸಿ. ಅಲ್ಲಿ ಎಲ್ಲೆಡೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ, ಕುಡಿಯಿರಿ. ಆದರೆ ಆ ಎಲೆಯ ಪೊಟ್ಟಣವನ್ನು ನೆನಪಿಗೆಂದು ಭಾರತಕ್ಕೆ ತರಬೇಡಿ. ನಮ್ಮ ಮಾದಕ ವಸ್ತು ಕಾಯ್ದೆಯಲ್ಲಿ ಅದು ಅಪರಾಧ.

ಇಂಕಾ ದಾರಿ: ಕಲ್ಲು ಪಾಠ ಹೇಳುವ ನಾಲ್ಕು ದಿನ

ರೈಲು ಹಳಿಯ 82ನೆಯ ಕಿಲೋಮೀಟರ್ ಕಲ್ಲಿನ ಬಳಿ, ಪಿಸ್ಕಕುಚೊ ಎಂಬಲ್ಲಿ ಆರಂಭ. ನಾಲ್ಕು ಹಗಲು, ಮೂರು ರಾತ್ರಿ, ಸುಮಾರು 42 ಕಿಲೋಮೀಟರ್. ಕಾಗದದ ಮೇಲೆ ಇದು ಸಣ್ಣ ದೂರ. ಆದರೆ ಇದರ ಬಹುಪಾಲು ಏರಿಳಿತ ಕಲ್ಲಿನ ಮೆಟ್ಟಿಲುಗಳಲ್ಲಿ, ಒಂದೊಂದು ಮೆಟ್ಟಿಲೂ ಒಂದೊಂದು ಅಳತೆ. ಇಂಕಾ ಸಾಮ್ರಾಜ್ಯದಲ್ಲಿ ಬಂಡಿ ಇರಲಿಲ್ಲ. ಓಲೆಕಾರರ ಕಾಲಿಗೂ ಹೊರೆ ಹೊರುವ ಲಾಮಾ ಪ್ರಾಣಿಗಳ ಪಾದಕ್ಕೂ ಮಾಡಿದ ದಾರಿ ಇದು. 30,000 ಕಿಲೋಮೀಟರ್‌ಗೂ ಹೆಚ್ಚು ಉದ್ದಕ್ಕೆ ಹರಡಿದ್ದ ಅವರ ರಸ್ತೆಜಾಲದ ಒಂದು ಎಳೆ. ಆ ಜಾಲವನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೆಯ ದಿನದ ಏರು ಎಲ್ಲರನ್ನೂ ಪರೀಕ್ಷಿಸುತ್ತದೆ. ಪಾಸ್‌ನ ಹೆಸರು ವಾರ್ಮಿವಾನುಸ್ಕ, ಅಲ್ಲಿನ ಬೆಟ್ಟದ ಜನರ ಕೆಚುವಾ ಭಾಷೆಯಲ್ಲಿ 'ಸತ್ತ ಹೆಂಗಸು'. ಕೆಳಗಿನಿಂದ ನೋಡಿದರೆ ಬೆಟ್ಟದ ರೇಖೆ ಮಲಗಿದ ಹೆಣ್ಣಿನಂತೆ ಕಾಣುತ್ತದೆ. ಅಲ್ಲಿ ನಾನು ಇಪ್ಪತ್ತು ಹೆಜ್ಜೆ ಎಣಿಸಿ ನಿಲ್ಲುತ್ತ, ಮತ್ತೆ ಇಪ್ಪತ್ತು ಎಣಿಸುತ್ತ ಏರಿದೆ. ಪಕ್ಕದಲ್ಲೇ ಹೊರೆ ಹೊತ್ತ ಹಮಾಲರು ನನ್ನನ್ನು ದಾಟಿ ಹೋಗುತ್ತಿದ್ದರು, ಅವರಲ್ಲಿ ಒಬ್ಬರಿಗೆ ನನ್ನ ತಂದೆಯ ವಯಸ್ಸು.

ಈ ದಾರಿಯ ನಿಜವಾದ ಸಂಪತ್ತು ಮೂರನೆಯ ದಿನದಲ್ಲಿದೆ. ರುಂಕುರಕಾಯ್‌ನ ವೃತ್ತಾಕಾರದ ಕಟ್ಟಡ, ಬಂಡೆಯ ಮೂಗಿನ ಮೇಲೆ ಕುಳಿತಿರುವ ಸಯಕ್‌ಮಾರ್ಕ, ಮೋಡಗಳ ಮೇಲಿನ ಊರು ಎಂಬ ಅರ್ಥದ ಫುಯುಪತಮಾರ್ಕ, ಸಂಜೆಗೆ ವಿನಾಯ್ ವಾಯ್ನದ ಮೆಟ್ಟಿಲು ಗದ್ದೆಗಳು. ಒಂದಾದ ಮೇಲೊಂದು ಬರುವಾಗ ಕಣ್ಣು ತಾನಾಗಿ ಕಲಿಯುತ್ತದೆ: ಇಲ್ಲಿ ನೀರು ಹೀಗೆ ಹರಿಸಿದ್ದಾರೆ, ಬಾಗಿಲು ಮೇಲಕ್ಕೆ ಹೋದಂತೆ ಕಿರಿದಾಗಿದೆ, ಗೋಡೆ ಒಳಕ್ಕೆ ಬಾಗಿದೆ, ಕಟ್ಟಿದ ಕಲ್ಲು ಎಲ್ಲಿ ಮುಗಿಯಿತು, ಬೆಟ್ಟದ ಬಂಡೆ ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ. ನಾಲ್ಕನೆಯ ದಿನ ನಸುಕಿನಲ್ಲಿ ಎದ್ದು ಇಂತಿ ಪುಂಕು ಎಂಬ ಸೂರ್ಯದ್ವಾರದಲ್ಲಿ ನಿಂತು ಕೆಳಗೆ ಮಾಚು ಪಿಚುವನ್ನು ನೋಡುವ ಹೊತ್ತಿಗೆ ಅದು ಕೇವಲ ಸುಂದರ ದೃಶ್ಯವಾಗಿ ಉಳಿದಿರುವುದಿಲ್ಲ, ಓದಬಲ್ಲ ಅಕ್ಷರವಾಗಿರುತ್ತದೆ. ಹಂಪೆಗೆ ರಾತ್ರಿ ಬಸ್ಸಿನಲ್ಲಿ ಬಂದು ಕಲ್ಲಿನ ರಥದ ಮುಂದೆ ಇಳಿದವರಿಗೂ, ಆನೆಗೊಂದಿಯಿಂದ ಹೊಳೆ ದಾಟಿ ಬಂಡೆಗಳ ನಡುವೆ ನಡೆದು ವಿಠ್ಠಲನ ಗುಡಿಗೆ ಬಂದವರಿಗೂ ಕಾಣುವ ಹಂಪೆ ಬೇರೆಯಲ್ಲವೇ? ಅದೇ ವ್ಯತ್ಯಾಸ ಇಲ್ಲಿ.

ಇಷ್ಟಕ್ಕೆ ತೆರಬೇಕಾದ ಬೆಲೆ ಎಂದರೆ ಮುಂದಾಲೋಚನೆ. ದಿನಕ್ಕೆ 500 ಜನರಿಗೆ ಮಾತ್ರ ಪರವಾನಗಿ, ಅದರಲ್ಲಿ ಮಾರ್ಗದರ್ಶಿಗಳೂ ಹಮಾಲರೂ ಸೇರಿದ್ದಾರೆ. ಪ್ರವಾಸಿಗರಿಗೆ ಉಳಿಯುವುದು ಸುಮಾರು 200. ಪರವಾನಗಿ ಪಡೆದ ಸಂಸ್ಥೆಯ ಮೂಲಕವಲ್ಲದೆ ಒಬ್ಬರೇ ನಡೆಯಲು ಬಿಡುವುದಿಲ್ಲ. ಮೇ ತಿಂಗಳಿಂದ ಆಗಸ್ಟ್‌ವರೆಗಿನ ದಿನಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಪರವಾನಗಿಯ ಮೇಲೆ ನಿಮ್ಮ ಪಾಸ್‌ಪೋರ್ಟ್ ಸಂಖ್ಯೆ ಇರುತ್ತದೆ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದು. ನಡುವೆ ಪಾಸ್‌ಪೋರ್ಟ್ ನವೀಕರಿಸಿದರೆ ಸಂಸ್ಥೆಗೆ ತಿಳಿಸಿ, ಹಳೆಯದನ್ನೂ ಜೊತೆಗೆ ಒಯ್ಯಿರಿ. ಫೆಬ್ರುವರಿ ಇಡೀ ತಿಂಗಳು ದಾರಿ ಮುಚ್ಚಿರುತ್ತದೆ.

ನಾಲ್ಕು ದಿನ ಡೇರೆಯಲ್ಲಿ ಮಲಗಲಾಗದವರಿಗೆ, ಅರವತ್ತು ದಾಟಿದ ತಂದೆ ತಾಯಿಯನ್ನು ಕರೆದೊಯ್ಯುವವರಿಗೆ ಇದರದೇ ಒಂದು ಸಣ್ಣ ರೂಪವಿದೆ. 104ನೆಯ ಕಿಲೋಮೀಟರ್ ಕಲ್ಲಿನ ಬಳಿ ರೈಲಿನಿಂದ ಇಳಿದು, ಒಂದೇ ದಿನ ಹನ್ನೆರಡು ಹದಿಮೂರು ಕಿಲೋಮೀಟರ್ ನಡೆದು ವಿನಾಯ್ ವಾಯ್ನ ನೋಡಿ, ಸೂರ್ಯದ್ವಾರದಿಂದಲೇ ಇಳಿದು, ರಾತ್ರಿ ಕೆಳಗಿನ ಊರಿನ ಹೋಟೆಲಿನಲ್ಲಿ ಮಲಗಬಹುದು. ಮರುದಿನ ಮತ್ತೆ ಮಾಚು ಪಿಚುವಿಗೆ. ಇದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ನಾಲ್ಕು ದಿನದ ದಾರಿಯ ಅರ್ಧದಷ್ಟು ಪಾಠ ಈ ಒಂದು ದಿನದಲ್ಲಿ ಸಿಗುತ್ತದೆ. ಇದನ್ನು ಯಾರೂ ಕೀಳೆಂದು ಭಾವಿಸಬೇಕಿಲ್ಲ.

ಸಲ್ಕಂತಾಯ್: ಇಲ್ಲಿ ದೊಡ್ಡದು ಬೆಟ್ಟ

ಪರವಾನಗಿ ಸಿಗದವರಿಗೆ ಕುಸ್ಕೊದಲ್ಲಿ ಮೊದಲು ತೋರಿಸುವುದು ಇದನ್ನೇ. ದಿನಕ್ಕಿಷ್ಟೇ ಜನ ಎಂಬ ಮಿತಿ ಇಲ್ಲ, ಇಂಕಾ ದಾರಿಗಿಂತ ಸಾಮಾನ್ಯವಾಗಿ ಅಗ್ಗ, ಹೊರೆಯನ್ನು ಹೇಸರಗತ್ತೆಗಳು ಹೊರುತ್ತವೆ. ನಾಲ್ಕೈದು ದಿನ ನಡೆದು, ಕೊನೆಗೆ ಹಿದ್ರೊಎಲೆಕ್ತ್ರಿಕ ನಿಲ್ದಾಣದಿಂದ ರೈಲು ಹಳಿಯ ಪಕ್ಕದಲ್ಲೇ ಎರಡು ಮೂರು ಗಂಟೆ ಸಾಗಿದರೆ ಮಾಚು ಪಿಚು ಬೆಟ್ಟದ ಬುಡದ ಆಗ್ವಾಸ್ ಕಾಲಿಯೆಂತೆಸ್ ಊರು ಸಿಗುತ್ತದೆ. ಮೇಲಿನ ಪಾಳು ನಗರಕ್ಕೆ ಹೋಗುವುದು ಮರುದಿನ ಬೆಳಿಗ್ಗೆ, ಬಸ್ಸಿನಲ್ಲಿ ಅಥವಾ ಕಾಲ್ನಡಿಗೆಯಲ್ಲಿ.

ಈ ದಾರಿಯ ದೇವರು ಸಲ್ಕಂತಾಯ್ ಶಿಖರವೇ, 6,271 ಮೀಟರ್. ಕೆಚುವಾ ಜನರಿಗೆ ಇಂಥ ಶಿಖರಗಳು 'ಅಪು', ಎಂದರೆ ಊರು ಕಾಯುವ ದೈವಗಳು. ಮಾರ್ಗದರ್ಶಿ ಪಾಸ್‌ನ ತುದಿಯಲ್ಲಿ ಮೂರು ಕೋಕಾ ಎಲೆಗಳನ್ನು ಬೆರಳಲ್ಲಿ ಜೋಡಿಸಿ ಹಿಡಿದು ಊದಿ ಅರ್ಪಿಸಿದಾಗ, ತುಳುನಾಡಿನ ಭೂತಸ್ಥಾನಗಳನ್ನು ನೋಡಿ ಬೆಳೆದ ನನ್ನ ತಂಗಿಗೆ ಅದು ಅಪರಿಚಿತ ಎನಿಸಲಿಲ್ಲವಂತೆ. ಪಾಸ್ ಇಳಿದಂತೆ ಹಿಮ ಮುಗಿದು ಮೋಡದ ಕಾಡು ಬರುತ್ತದೆ, ಇನ್ನೂ ಇಳಿದರೆ ಲುಕ್ಮಬಾಂಬ ಸುತ್ತಿನ ಕಾಫಿ ತೋಟಗಳು. ಕೊಡಗಿನವರೋ ಚಿಕ್ಕಮಗಳೂರಿನವರೋ ಆದರೆ ಅಲ್ಲಿ ಒಂದು ಗಂಟೆ ಹೆಚ್ಚೇ ನಿಲ್ಲುತ್ತೀರಿ. ಎರಡು ದಿನದಲ್ಲಿ ಹಿಮದಿಂದ ಕಾಫಿಗೆ ಇಳಿಯುವ ಈ ಇಳಿಜಾರು ಈ ದಾರಿಯ ದೊಡ್ಡ ಸೊಗಸು.

ಆದರೆ ಅವಶೇಷಗಳಿಗಾಗಿ ಹೋಗುವವರು ಇದನ್ನು ಸ್ಪಷ್ಟವಾಗಿ ತಿಳಿದಿರಲಿ: ಐದು ದಿನದಲ್ಲಿ ಹೆಸರಿಸಬಹುದಾದ ಇಂಕಾ ನೆಲೆ ಯಕ್ತಪತ ಒಂದೇ. ಅಲ್ಲಿಂದ ಕಣಿವೆಯಾಚೆ ಮಾಚು ಪಿಚುವಿನ ಬೆನ್ನು ಕಾಣುತ್ತದೆ, ಅದೂ ಮೋಡ ದಾರಿ ಬಿಟ್ಟರೆ. ಇಂಕಾ ದಾರಿಗೆ ಬದಲಿ ಎಂದು ಇದನ್ನು ಮಾರುವುದು ನನಗೆ ಸರಿ ಕಾಣುವುದಿಲ್ಲ. ಇದು ಹಿಮಶಿಖರ ನೋಡುವವರ ಚಾರಣ, ಹಾಗೆಂದೇ ಆರಿಸಿಕೊಂಡರೆ ಪೂರ್ಣ ತೃಪ್ತಿ ಕೊಡುತ್ತದೆ. ಮಳೆಗಾಲದಲ್ಲಿ ಸಾಂತ ತೆರೇಸ ಕಡೆಯ ಕಣಿವೆಯಲ್ಲಿ ಭೂಕುಸಿತದ ಭಯವಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆ ಕಡೆ ಹೋಗದಿರುವುದು ಕ್ಷೇಮ.

ಲಾರೆಸ್

ಲಾರೆಸ್ ಕಣಿವೆಯ ಮೂರು ದಿನದ ನಡಿಗೆಯಲ್ಲಿ ಜನಜೀವನವೇ ಮುಖ್ಯ: ಬಿಸಿನೀರಿನ ಬುಗ್ಗೆ, ಉಣ್ಣೆ ಕೊಡುವ ಅಲ್ಪಾಕಾ ಪ್ರಾಣಿಗಳ ಮಂದೆ, ಕೀಟದಿಂದ ತೆಗೆದ ಕೆಂಪು ಬಣ್ಣದಲ್ಲಿ ಉಣ್ಣೆ ಅದ್ದಿ ನೇಯುವ ಹೆಂಗಸರು. 4,400 ಮೀಟರ್ ಆಸುಪಾಸಿನ ಪಾಸ್ ಇದ್ದೇ ಇದೆ. ಮಾಚು ಪಿಚುವಿಗೆ ಕೊನೆಯ ಪಯಣ ರೈಲಿನಲ್ಲಿ. ಇಳಕಲ್ ಅಥವಾ ಗುಳೇದಗುಡ್ಡದ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದು ಹಿಡಿಸಬಹುದು. ಪಾಳು ನಗರಗಳ ಆಸೆ ಹೊತ್ತು ಹೋದವರಿಗೆ ಇದು ಸಾಲದು.

ಚೊಕೆಕಿರಾವ್: ಯಾರೂ ಇಲ್ಲದ ನಗರ

ಇದರ ಬಗ್ಗೆ ಬರೆಯುವಾಗ ನನಗೆ ಪಕ್ಷಪಾತ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಪುರಿಮಾಕ್ ನದಿಯ ಆಳವಾದ ಕಮರಿಯ ಆಚೆ, ಬೆಟ್ಟದ ಭುಜದ ಮೇಲೆ ಇರುವ ಈ ಇಂಕಾ ನಗರಕ್ಕೆ ರೈಲಿಲ್ಲ, ಬಸ್ಸಿಲ್ಲ. ಕಪುಲಿಯೊಕ್ ಎಂಬಲ್ಲಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಕೆಳಗೆ ನದಿಗೆ ಇಳಿಯಬೇಕು. ಸೇತುವೆ ದಾಟಿ ಅಷ್ಟನ್ನೇ ಮತ್ತೆ ಏರಬೇಕು. ಹಿಂದಿರುಗುವಾಗ ಇದೆಲ್ಲವನ್ನೂ ಇನ್ನೊಮ್ಮೆ. ಹೋಗಿ ಬರಲು ನಾಲ್ಕೈದು ದಿನ. ಕಮರಿಯ ತಳದಲ್ಲಿ ನೆರಳಿಲ್ಲದ ಬಿಸಿಲು, ಕಚ್ಚಿದರೆ ವಾರವಿಡೀ ತುರಿಸುವ ಸಣ್ಣ ನೊಣಗಳು. ಏರುವಾಗ ಅಂಕುಡೊಂಕಿನ ತಿರುವುಗಳನ್ನು ಎಣಿಸುವುದನ್ನು ನಾನು ನಲವತ್ತಕ್ಕೆ ನಿಲ್ಲಿಸಿದೆ.

ಮೇಲೆ ತಲುಪಿದಾಗ ವಿಶಾಲವಾದ ಅಂಗಳದಲ್ಲಿ ನಮ್ಮ ಗುಂಪಿನ ಆರು ಜನರನ್ನು ಬಿಟ್ಟರೆ ಇದ್ದವರು ಹುಲ್ಲು ಕತ್ತರಿಸುತ್ತಿದ್ದ ಇಬ್ಬರು ಕೆಲಸಗಾರರು. ನಗರದ ಹೆಚ್ಚಿನ ಭಾಗ ಇನ್ನೂ ಕಾಡಿನ ಒಳಗೇ ಇದೆ. ಬೇರುಗಳ ಮಧ್ಯೆ ಗೋಡೆಗಳ ಸುಳಿವು ಸಿಗುತ್ತದೆ. ಪಶ್ಚಿಮದ ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲು ಗದ್ದೆಗಳ ಗೋಡೆಗೆ ಬಿಳಿಕಲ್ಲಿನಲ್ಲಿ ಲಾಮಾಗಳ ಸಾಲನ್ನು ಕೂಡಿಸಿದ್ದಾರೆ. ಕಪ್ಪು ಕಲ್ಲಿನ ಮೇಲೆ ಬಿಳಿಯ ಮಂದೆ, ಬೆಟ್ಟವೇರುತ್ತಿರುವಂತೆ. ಮಾಚು ಪಿಚುವಿನಲ್ಲಿ ಇಂಥದ್ದಿಲ್ಲ.

ಸ್ಪೇನ್‌ನವರು ಕುಸ್ಕೊ ಹಿಡಿದ ಮೇಲೆ ಇಂಕಾ ಅರಸರು ಈ ವಿಲ್ಕಬಾಂಬ ಬೆಟ್ಟಗಳಿಗೆ ಹಿಂದೆಗೆದು ದಶಕಗಳ ಕಾಲ ಹೋರಾಡಿದರು. ಕೊನೆಯ ಅರಸ ತುಪಾಕ್ ಅಮಾರು ಸೆರೆಸಿಕ್ಕಿ ಕೊಲೆಯಾದದ್ದು 1572ರಲ್ಲಿ, ನಮ್ಮ ಹಂಪೆ ಹಾಳಾದ 1565ರಿಂದ ಏಳೇ ವರ್ಷಕ್ಕೆ. ಎರಡು ಸಾಗರಗಳಾಚೆ ಒಂದೇ ದಶಕದಲ್ಲಿ ಎರಡು ಕಲ್ಲಿನ ರಾಜಧಾನಿಗಳು ಹಾಳಾದವು. ಸಂಜೆ ಆ ಅಂಗಳದಲ್ಲಿ ಕುಳಿತಾಗ ನನಗೆ ಈ ಲೆಕ್ಕ ಹೊಳೆಯಿತು, ಆಮೇಲೆ ಬಹಳ ಹೊತ್ತು ಯಾರ ಜೊತೆಗೂ ಮಾತಾಡಲು ಮನಸ್ಸಾಗಲಿಲ್ಲ.

ಯಾರಿಗೆ ಯಾವುದು?

ಒಮ್ಮೆ ಮಾತ್ರ ಹೋಗಬಲ್ಲವರು, ಆರೇಳು ತಿಂಗಳು ಮೊದಲೇ ದಿನ ಗೊತ್ತುಮಾಡಬಲ್ಲವರು ಇಂಕಾ ದಾರಿಯನ್ನೇ ಆರಿಸಿ. ಪರವಾನಗಿ ತಪ್ಪಿದರೆ ತಕ್ಷಣ ಸಲ್ಕಂತಾಯ್‌ಗೆ ಹೊರಳುವ ಮೊದಲು 104ನೆಯ ಕಿಲೋಮೀಟರ್‌ನ ಸಣ್ಣ ದಾರಿ ಖಾಲಿ ಇದೆಯೇ ಎಂದು ವಿಚಾರಿಸಿ. ಅವಶೇಷಗಳೇ ಮುಖ್ಯ, ಮೊಣಕಾಲು ಗಟ್ಟಿ, ರಜೆ ಹತ್ತು ದಿನಕ್ಕೂ ಹೆಚ್ಚು ಎಂದಾದರೆ ಚೊಕೆಕಿರಾವ್ ಮುಗಿಸಿ, ಸಣ್ಣ ದಾರಿಯಿಂದ ಮಾಚು ಪಿಚುವಿಗೆ ಹೋಗುವುದಕ್ಕಿಂತ ಒಳ್ಳೆಯ ಜೋಡಣೆ ನನಗೆ ತೋಚುವುದಿಲ್ಲ. ಹಿಮಾಲಯದಲ್ಲಿ ಈಗಾಗಲೇ ನಡೆದವರಿಗೆ ಸಲ್ಕಂತಾಯ್‌ನ ಹಿಮ ಹೊಸದಲ್ಲ. ಹಿಮವನ್ನೇ ನೋಡದವರಿಗೆ ಅದು ಜೀವಮಾನದ ನೆನಪು.

ಒಂದು ಎಚ್ಚರಿಕೆ: ಮಾಚು ಪಿಚುವಿನ ಒಳಗೆ ಈಗ ಇಷ್ಟಬಂದಂತೆ ಸುತ್ತುವಂತಿಲ್ಲ. ಟಿಕೆಟ್ ಮೇಲೆ ಗಂಟೆಯೂ ಸುತ್ತುದಾರಿಯೂ ನಮೂದಾಗಿರುತ್ತದೆ. ಮೇಲಿನ ಗದ್ದೆಗಳ ದಾರಿಯಲ್ಲಿ ಚಿತ್ರ ಸಿಗುತ್ತದೆ, ಕೆಳಗಿನ ಮನೆಗಳೂ ಗುಡಿಗಳೂ ಸಿಗುವುದಿಲ್ಲ. ಯಾವ ಚಾರಣ ಆರಿಸಿದರೂ ನಿಮ್ಮ ಟಿಕೆಟ್ ಯಾವ ಸುತ್ತಿನದು ಎಂದು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ.

ಕಾಗದ ಪತ್ರ, ಊಟ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಪೆರು ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ, ಕನಿಷ್ಠ ಆರು ತಿಂಗಳು ಬಾಕಿ ಇರುವ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಅನುಕೂಲ. ನಿಯಮಗಳು ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಹಲವರು ಮರೆಯುವುದು ಹಳದಿ ಜ್ವರದ ಲಸಿಕೆ. ಬೆಟ್ಟಗಳ ಎತ್ತರದಲ್ಲಿ ಆ ರೋಗದ ಹೆದರಿಕೆ ಕಡಿಮೆಯಾದರೂ, ಪೆರುವಿನಿಂದ ಬರುವವರ ಬಳಿ ಭಾರತ ಆ ಪ್ರಮಾಣಪತ್ರ ಕೇಳುತ್ತದೆ. ಅದಿಲ್ಲದಿದ್ದರೆ ಇಲ್ಲಿಗೆ ಬಂದಿಳಿದ ಮೇಲೆ ನಿಮ್ಮನ್ನು ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಪತ್ರಕ್ಕೆ ಮಾನ್ಯತೆ.

ಸಸ್ಯಾಹಾರಿಗಳಿಗೆ ಭಯ ಬೇಡ. ಆಲೂಗಡ್ಡೆ ಹುಟ್ಟಿದ ನಾಡು ಅದು. ಹಳದಿ, ನೇರಳೆ, ಹಿಮದಲ್ಲಿಟ್ಟು ತುಳಿದು ಒಣಗಿಸಿದ್ದು, ಹೀಗೆ ಒಂದೊಂದು ಊಟಕ್ಕೂ ಒಂದೊಂದು ಬಗೆ. ಕಿನೋವಾ ಎಂಬ ಕಾಳಿನ ಸಾರು ಚಳಿಗೆ ಬಹಳ ಹಿತ. ಆದರೆ ಸಾರಿಗೆ ಕೋಳಿ ಬೇಯಿಸಿದ ನೀರು ಹಾಕಬಾರದು ಎಂದು ಬಿಡಿಸಿ ಹೇಳಬೇಕು, 'ಮಾಂಸ ಬೇಡ' ಎಂದರೆ ಸಾಲದು. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯುವವರು ಅಡುಗೆಯವರಿಗೂ ರುಚಿ ತೋರಿಸಿ. ನಮ್ಮ ಮೆಣಸಿನಕಾಯಿಯ ತವರೂ ಅಮೆರಿಕ ಖಂಡವೇ.

ಸಂಸ್ಥೆಯನ್ನು ಆರಿಸುವುದು ಹೇಗೆ

ನನ್ನ ಮಟ್ಟಿಗೆ ದಾರಿಯ ಆಯ್ಕೆಗಿಂತ ಇದು ಮುಖ್ಯ. ಇಂಕಾ ದಾರಿಯಲ್ಲಿ ಹೇಸರಗತ್ತೆಗೆ ಅವಕಾಶವಿಲ್ಲ. ನಮ್ಮ ಡೇರೆ, ಗ್ಯಾಸ್ ಸಿಲಿಂಡರ್, ಕುರ್ಚಿ ಎಲ್ಲವೂ ಮನುಷ್ಯರ ಬೆನ್ನ ಮೇಲೆ. ಹೊರೆಗೆ ಕಾನೂನಿನ ಮಿತಿ ಇದೆ, ಆರಂಭದ ಚೌಕಿಯಲ್ಲಿ ತೂಗುತ್ತಾರೆ. ಆದರೂ ಅಗ್ಗದ ಬೆಲೆ ಎಲ್ಲಿಂದಲಾದರೂ ಹುಟ್ಟಬೇಕಲ್ಲ. ನನ್ನ ಮೊದಲ ಚಾರಣಕ್ಕೆ ನಾನು ಬೆಲೆ ನೋಡಿ ಒಂದು ಸಂಸ್ಥೆಯನ್ನು ಆರಿಸಿದೆ. ಎರಡನೆಯ ರಾತ್ರಿ ಚಳಿಗೆ ಎದ್ದು ಹೊರಗೆ ಬಂದಾಗ ಹಮಾಲರು ಊಟದ ಡೇರೆಯಲ್ಲಿ ಒದ್ದೆ ನೆಲದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಸಿಕೊಂಡು ಒಬ್ಬರಿಗೊಬ್ಬರು ಅಂಟಿ ಮಲಗಿದ್ದರು. ನನ್ನ ಕೆಳಗೆ ಎರಡು ಚಾಪೆಗಳಿದ್ದವು. ಆ ರಾತ್ರಿಯ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ನಾನು ಮುಂಗಡ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ: ಹಮಾಲರು ಎಲ್ಲಿ ಮಲಗುತ್ತಾರೆ, ಅವರಿಗೆ ಹಾಸಿಗೆಯೂ ಮಳೆಯಂಗಿಯೂ ಸಂಸ್ಥೆಯದೋ ಅವರದೋ, ಅವರ ಊಟ ನಮ್ಮ ಊಟದಷ್ಟೇ ಇರುತ್ತದೆಯೋ, ದಿನಕ್ಕೆ ಎಷ್ಟು ಸೋಲ್ (ಪೆರುವಿನ ಹಣ) ಕೂಲಿ. ನೇರವಾಗಿ ಉತ್ತರಿಸಿದವರ ಜೊತೆ ಹೋಗುತ್ತೇನೆ. ಮಾತು ಹಾರಿಸಿದವರನ್ನು ಬಿಡುತ್ತೇನೆ, ಬೆಲೆ ಎಷ್ಟೇ ಕಡಿಮೆ ಇರಲಿ.

ಸಣ್ಣ ನೋಟುಗಳನ್ನು ಕುಸ್ಕೊದಲ್ಲೇ ಮಾಡಿಸಿಕೊಂಡಿರಿ. ಇಂಕಾ ದಾರಿಯಲ್ಲಿ ಹಮಾಲರಿಗೆ ಕೈಮುಗಿದು ಇನಾಮು ಕೊಡಬೇಕಾದ್ದು ಮೂರನೆಯ ದಿನದ ಸಂಜೆ. ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಅವರು ಡೇರೆ ಮಡಚಿ, ಊರಿಗೆ ಹೋಗುವ ರೈಲು ಹಿಡಿಯಲು ಇನ್ನೊಂದು ದಾರಿಯಲ್ಲಿ ಇಳಿದುಬಿಡುತ್ತಾರೆ. ಕೆಚುವಾದಲ್ಲಿ ಧನ್ಯವಾದಕ್ಕೆ 'ಸುಲ್ಪಾಯ್ಕಿ' ಎನ್ನುತ್ತಾರೆ. ನಾನು ಅದನ್ನು ತಪ್ಪಾಗಿ ಉಚ್ಚರಿಸಿದಾಗ ನನ್ನ ತಂದೆಯ ವಯಸ್ಸಿನ ಆ ಹಿರಿಯರು ತಿದ್ದಿ, ಇನ್ನೊಮ್ಮೆ ಹೇಳಿಸಿ, ತಲೆಯಾಡಿಸಿದರು. ಮಾಚು ಪಿಚುವಿನ ಒಳಗೆ ಎಷ್ಟು ಸಲ ಹೋಗಿದ್ದೀರಿ ಎಂದು ಮಾರ್ಗದರ್ಶಿಯ ಮೂಲಕ ಕೇಳಿದೆ. ಒಮ್ಮೆ ಎಂದರು, ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು.